ಮುಚ್ಚಿದ ಸ್ಕೀ ಗುಡ್ಡ ಮತ್ತೆ ತೆರೆದರೆ ನಡೆಯುತ್ತದಾ? ಅನುಭವ ಇರುವವರು ಹೇಳಿ

ಪ್ರಶ್ನೆ

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಸಣ್ಣ ಊರಲ್ಲಿ. ಇಲ್ಲೊಂದು ಸ್ಕೀ ಗುಡ್ಡ ಇತ್ತು. ಒಂದೇ ಕುಟುಂಬ ಎರಡು ತಲೆಮಾರು ನಡೆಸಿ, ಕೆಲವು ವರ್ಷಗಳ ಹಿಂದೆ ಬಾಗಿಲು ಹಾಕಿತು. ಒಂದು ಹಳೆ ಡಬಲ್ ಚೇರ್‌ಲಿಫ್ಟ್ (ಇಬ್ಬಿಬ್ಬರು ಕುರ್ಚಿಯಲ್ಲಿ ಕೂತು ಮೇಲೆ ಹೋಗುವ ಲಿಫ್ಟ್), ಒಂದು ಟಿ-ಬಾರ್ (ಸ್ಕೀ ಮೇಲೆ ನಿಂತವರನ್ನೇ ಎಳೆದೊಯ್ಯುವ ಲಿಫ್ಟ್), ಒಂದು ಮರದ ಲಾಡ್ಜ್, ಅಷ್ಟೇ ಆಸ್ತಿ. ಬುಡದಿಂದ ತುದಿಗೆ ಎತ್ತರ 500 ಅಡಿಯೂ ಇಲ್ಲ. ಈಗ ಊರಿನ ಕೆಲವರು ಸೇರಿ ಅದನ್ನು ಖರೀದಿಸಿ ಮತ್ತೆ ತೆರೆಯೋಣ ಅಂತಿದ್ದಾರೆ. ನಮ್ಮನ್ನೂ ಪಾಲು ಹಾಕಲು ಕೇಳಿದ್ದಾರೆ. ನಮ್ಮ ಮಕ್ಕಳಿಗೆ ಸ್ಕೀ ಕಲಿಯುವ ವಯಸ್ಸು. ಆಸೆ ಇದೆ, ಭಯವೂ ಇದೆ. ಇಂಥ ಗುಡ್ಡ ಮತ್ತೆ ತಲೆ ಎತ್ತಿದ್ದನ್ನು ನೋಡಿದವರು ಇದ್ದೀರಾ?

ವರ್ಮಾಂಟ್‌ನಿಂದ

ನೋಡಿದ್ದೇವೆ. ನಮ್ಮ ಮನೆಯಿಂದ ಅಸ್ಕಟ್ನಿ ಬೆಟ್ಟ ದೂರ ಇಲ್ಲ. ಅದರ ಕಥೆ ನಿಮಗೆ ಉಪಯೋಗಕ್ಕೆ ಬರಬಹುದು.

ಅದು ನಿಮ್ಮದಕ್ಕಿಂತ ತುಂಬಾ ದೊಡ್ಡದು. ಸುಮಾರು 1,800 ಅಡಿ ಎತ್ತರ, ಹೋಟೆಲ್, ವೇಗದ ಕ್ವಾಡ್ (ನಾಲ್ವರು ಕೂರುವ) ಲಿಫ್ಟ್ ಎಲ್ಲಾ ಇತ್ತು. ಸಾಲ ಹೊತ್ತು ಹೊತ್ತು 2010ರಲ್ಲಿ ಮುಚ್ಚಿತು. ಆ ಕ್ವಾಡ್ ಲಿಫ್ಟನ್ನು ಬಿಚ್ಚಿ ನಿಮ್ಮದೇ ರಾಜ್ಯದ ಕ್ರಾಚೆಡ್ ಮೌಂಟನ್‌ಗೆ ಸಾಗಿಸಿದರು, 2012ರಿಂದ ಅದು ಅಲ್ಲೇ ಓಡುತ್ತಿದೆ. ಲಿಫ್ಟ್ ಹೋದ ದಿನ ಜನ ಬೆಟ್ಟದ ಆಸೆ ಬಿಟ್ಟರು. ಆದರೆ ವೆಸ್ಟ್ ವಿಂಡ್ಸರ್ ಅನ್ನುವ ಆ ಪುಟ್ಟ ಊರು ಸುಮ್ನೆ ಕೂರಲಿಲ್ಲ. ಮತ ಹಾಕಿ, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಸಂಸ್ಥೆಯ ನೆರವು ಪಡೆದು, 2015ರಲ್ಲಿ 469 ಎಕರೆ ಜಾಗವನ್ನು ಊರಿನ ಹೆಸರಿಗೇ ಕೊಂಡಿತು. ನಡೆಸಲು ಅಸ್ಕಟ್ನಿ ಔಟ್‌ಡೋರ್ಸ್ ಅನ್ನುವ ಲಾಭರಹಿತ ಸಂಸ್ಥೆ ಹುಟ್ಟಿತು.

ಅವರು ಬೆಟ್ಟದ ತುದಿಗೆ ಕೈ ಹಾಕಲಿಲ್ಲ, ಅದೇ ಅವರ ಜಾಣತನ. ಬುಡದಲ್ಲಿ ಒಂದು ಹಗ್ಗದ ಲಿಫ್ಟ್ ಹಾಕಿದರು. ಕೆಲವು ವರ್ಷ ಬಿಟ್ಟು ಒಂದು ಟಿ-ಬಾರ್ ಬಂತು. ಮೇಲೆ ಹೋಗಬೇಕೆಂದರೆ ಸ್ಕೀ ಅಡಿಗೆ ಹಿಂದೆ ಜಾರದಂತೆ ತಡೆಯುವ ಪಟ್ಟಿ (ಸ್ಕಿನ್) ಅಂಟಿಸಿಕೊಂಡು ಹತ್ತಿಕೊಂಡು ಹೋಗಿ. ಬೇಸಿಗೆಯಲ್ಲಿ ಅದೇ ಕಾಡಿನಲ್ಲಿ ಮೌಂಟನ್ ಬೈಕ್ ದಾರಿಗಳು. ಟಿಕೆಟ್ ಕೊಡುವುದರಿಂದ ಹಿಡಿದು ಲಿಫ್ಟ್ ಪಕ್ಕ ನಿಲ್ಲುವವರೆಗೆ ಹೆಚ್ಚಿನವರು ಸ್ವಯಂಸೇವಕರು. ನಮ್ಮ ಮಕ್ಕಳು ಬಿದ್ದು ಎದ್ದು ಕಲಿತದ್ದು ಅಲ್ಲೇ.

ಅದಕ್ಕೇ ಹೇಳುತ್ತೇನೆ, ನಿಮ್ಮ ಗುಡ್ಡ ನಡೆಯಬಹುದು. ಆದರೆ ಮೊದಲ ವರ್ಷವೇ ಚೇರ್‌ಲಿಫ್ಟ್ ಓಡಿಸುತ್ತೇವೆ ಅನ್ನುವವರ ಜೊತೆ ಪಾಲು ಹಾಕಬೇಡಿ. ಟಿ-ಬಾರ್ ಮಾತ್ರ ಸಾಕು ಅನ್ನುವವರಾದರೆ ಕೂತು ಮಾತಾಡಿ.

ಮೇನ್‌ನಿಂದ, ಮೆಕ್ಯಾನಿಕಲ್ ಇಂಜಿನಿಯರ್

ಚೇರ್‌ಲಿಫ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಣ ಮುಳುಗುವುದು ಅಲ್ಲಿಯೇ.

ನಿಂತ ಲಿಫ್ಟನ್ನು ಸ್ವಿಚ್ ಒತ್ತಿ ಓಡಿಸಲು ಆಗುವುದಿಲ್ಲ. ರಾಜ್ಯದ ಇನ್‌ಸ್ಪೆಕ್ಟರ್ ಒಪ್ಪಬೇಕು. ಕುರ್ಚಿಯನ್ನು ಹಗ್ಗಕ್ಕೆ ಹಿಡಿಸುವ ಗ್ರಿಪ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಪರೀಕ್ಷೆ ಆಗಬೇಕು. ಉಕ್ಕಿನ ಹಗ್ಗ, ಬ್ರೇಕ್, ಗೇರ್‌ಬಾಕ್ಸ್ ಎಲ್ಲವನ್ನೂ ನೋಡಬೇಕು. ಕುರ್ಚಿಗಳ ಮೇಲೆ ಜನರ ಬದಲು ಭಾರ ಹೇರಿ ಓಡಿಸಿ, ಮಧ್ಯೆ ನಿಲ್ಲಿಸಿ ತೋರಿಸಬೇಕು. ಸಣ್ಣ ಗುಡ್ಡಗಳಲ್ಲಿ ಇರುವ ಹಳೆ ಲಿಫ್ಟ್‌ಗಳು ಬಹಳಷ್ಟು ಹಾಲ್, ರಿಬ್ಲೆಟ್, ಬೋರ್ವಿಗ್ ಕಂಪನಿಗಳವು. ಆ ಕಂಪನಿಗಳು ಈಗ ಲಿಫ್ಟ್ ಮಾಡುತ್ತಿಲ್ಲ. ಬಿಡಿಭಾಗಕ್ಕೆ ಇನ್ನೊಂದು ಮುಚ್ಚಿದ ಗುಡ್ಡವನ್ನೇ ಹುಡುಕಬೇಕು.

ನಮ್ಮ ಮೇನ್‌ನ ಸ್ಯಾಡಲ್‌ಬ್ಯಾಕ್ ಕೂಡ ಒಂದು ಕುಟುಂಬದ ಕೈಯಲ್ಲಿತ್ತು. 1963ರ ಡಬಲ್ ಚೇರ್ ಬದಲಿಸದೆ ತೆರೆಯುವುದಿಲ್ಲ, ಅದಕ್ಕೆ 30 ಲಕ್ಷ ಡಾಲರ್ ಬೇಕು ಅಂತ 2015ರಲ್ಲಿ ಹೇಳಿದರು. ಹಣ ಹುಟ್ಟಲಿಲ್ಲ. ಗುಡ್ಡ ಐದು ಚಳಿಗಾಲ ಖಾಲಿ ಬಿದ್ದಿತ್ತು. ನಡುವೆ ಕೊಳ್ಳುತ್ತೇವೆ ಅಂತ ಬಂದವರೂ ಕೈಕೊಟ್ಟರು. ಕೊನೆಗೆ ಬಾಸ್ಟನ್‌ನ ಹೂಡಿಕೆ ನಿಧಿಯೊಂದು 2020ರಲ್ಲಿ ಕೊಂಡು, ಅದೇ ಜಾಗಕ್ಕೆ ವೇಗದ ಕ್ವಾಡ್ ಹಾಕಿ, ಡಿಸೆಂಬರ್‌ನಲ್ಲಿ ತೆರೆಯಿತು. ಈಗ ಜನ ಚೆನ್ನಾಗಿಯೇ ಬರುತ್ತಾರೆ. ಆದರೆ ಅದು 2,000 ಅಡಿಯ ಬೆಟ್ಟ, ದೂರದಿಂದ ಬಂದು ಉಳಿಯುವವರಿದ್ದಾರೆ. 500 ಅಡಿ ಗುಡ್ಡಕ್ಕೆ ಯಾವ ನಿಧಿಯೂ ಹಾಗೆ ಬರುವುದಿಲ್ಲ. ಆ ಲೆಕ್ಕ ಇಟ್ಟುಕೊಂಡು ಯಾರಾದರೂ ನಿಮಗೆ ಆಸೆ ತೋರಿಸಿದರೆ ನಂಬಬೇಡಿ.

ನ್ಯೂಯಾರ್ಕ್ ರಾಜ್ಯದ ಉತ್ತರದಿಂದ

ಲಿಫ್ಟ್ ಆಯಿತು, ಹಿಮ? ಅದನ್ನು ಯಾರೂ ಕೇಳಲೇ ಇಲ್ಲ!

ಇಲ್ಲಿ ಆಡಿರಾಂಡಾಕ್ಸ್‌ನಲ್ಲಿ ಬಿಗ್ ಟಪ್ಪರ್ ಅಂತ ಇದೆ. 1999ರಲ್ಲಿ ಮುಚ್ಚಿತ್ತು. 2009ರಲ್ಲಿ ಊರಿನವರು ಸ್ವಯಂಸೇವಕರಾಗಿ ನಿಂತು ಮತ್ತೆ ತೆರೆದರು. ಉತ್ಸಾಹಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಹಿಮ ಮಾಡುವ ಯಂತ್ರ ಇರಲಿಲ್ಲ, ಆಕಾಶ ಕೊಟ್ಟಷ್ಟೇ. 2014ರ ಹೊತ್ತಿಗೆ ಮತ್ತೆ ನಿಂತಿತು.

ಈ ವ್ಯಾಪಾರದಲ್ಲಿ ದುಡ್ಡು ಬರುವುದು ಮೂರು ಹೊತ್ತಿನಲ್ಲಿ. ಕ್ರಿಸ್‌ಮಸ್ ವಾರ, ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿಯ ಶಾಲಾ ರಜೆ. ಕ್ರಿಸ್‌ಮಸ್‌ಗೆ ಮಳೆ ಸುರಿದರೆ ಮಾರ್ಚ್‌ನಲ್ಲಿ ಎಷ್ಟೇ ಹಿಮ ಬಿದ್ದರೂ ಆ ನಷ್ಟ ತುಂಬುವುದಿಲ್ಲ. ಅಷ್ಟರಲ್ಲಿ ಜನ ಸ್ಕೀ ಒಳಗಿಟ್ಟು ಬೇಸಿಗೆ ಕಾಯುತ್ತಿರುತ್ತಾರೆ.

ಹಾಗಾಗಿ ಯಂತ್ರ ಬೇಕು, ಯಂತ್ರಕ್ಕೆ ನೀರು ಬೇಕು. ಒಂದು ಎಕರೆಗೆ ಒಂದು ಅಡಿ ಹಿಮ ಮಾಡಲು ಹತ್ತಿರ ಹತ್ತಿರ 6 ಲಕ್ಷ ಲೀಟರ್ ನೀರು ಹೋಗುತ್ತದೆ. ಒಣ ಗಾಳಿಯಾದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೂ ಹಿಮ ಆಗುತ್ತದೆ, ತೇವ ಜಾಸ್ತಿ ಇದ್ದರೆ ಇನ್ನೂ ಕೆಳಗಿಳಿಯಬೇಕು. ಅಂಥ ರಾತ್ರಿಗಳು ಡಿಸೆಂಬರ್‌ನಲ್ಲಿ ಕಡಿಮೆಯಾಗುತ್ತಿವೆ. ಸಿಕ್ಕ ಎರಡು ಮೂರು ರಾತ್ರಿಯಲ್ಲೇ ಗುಡ್ಡ ತುಂಬಿಸುವಷ್ಟು ಪಂಪ್ ಇರಬೇಕು. ನಿಮ್ಮ ಗುಡ್ಡದ ಕೆಳಗೆ ಕೆರೆ ಇದೆಯಾ? ಅದರಿಂದ ನೀರೆತ್ತುವ ಪರವಾನಗಿ ಈಗಲೂ ಊರ್ಜಿತ ಇದೆಯಾ? ಪೈಪು ಎಷ್ಟು ವರ್ಷ ಹಳೆಯದು? ಲಾಡ್ಜ್‌ಗೆ ಬಣ್ಣ ಹೊಡೆಯುವ ಮಾತು ಆಮೇಲೆ.

ಮ್ಯಾಸಚೂಸೆಟ್ಸ್‌ನಿಂದ, ಇಬ್ಬರು ಮಕ್ಕಳ ತಾಯಿ

ನಾನು ಸ್ಕೀ ಮಾಡುವುದಿಲ್ಲ. ಮೈಸೂರಿನವಳು, ಚಳಿ ಅಂದರೆ ಆಗುವುದಿಲ್ಲ. ಆದರೂ ನನ್ನ ಅನುಭವ ಬರೆಯುತ್ತೇನೆ, ಏಕೆಂದರೆ ನಿಮ್ಮ ಗುಡ್ಡದ ಗಿರಾಕಿ ನಾನೇ.

ವೆಸ್ಟ್‌ಫರ್ಡ್‌ನಲ್ಲಿ ನಶೋಬಾ ವ್ಯಾಲಿ ಇದೆ. ಎತ್ತರ ಬರೀ 240 ಅಡಿ! ಸ್ಕೀ ಬಲ್ಲವರು ನಗುತ್ತಾರೆ. ಆದರೆ ಸಂಜೆ ಹೋಗಿ ನೋಡಿ, ಶಾಲೆ ಬಿಟ್ಟ ಮಕ್ಕಳು ದೀಪದ ಬೆಳಕಿನಲ್ಲಿ ಸಾಲುಗಟ್ಟಿ ಇಳಿಯುತ್ತಿರುತ್ತಾರೆ. ಪಕ್ಕದಲ್ಲಿ ಟ್ಯೂಬಿಂಗ್ ಇದೆ. ನಮ್ಮಂಥವರು, ಊರಿಂದ ಬಂದ ಅತ್ತೆ ಮಾವ ಸಹಿತ, ಟ್ಯೂಬಲ್ಲಿ ಕೂತು ಜಾರಿ ಖುಷಿಪಡುತ್ತೇವೆ. ಅದಕ್ಕೆ ಪಾಠ ಬೇಡ, ಬೂಟು ಬಾಡಿಗೆ ಬೇಡ. ಗುಡ್ಡ ಎಷ್ಟು ಎತ್ತರ ಅಂತ ನಾನು ಯಾವತ್ತೂ ಕೇಳಿಲ್ಲ. ಕಾರಲ್ಲಿ ಎಷ್ಟು ಹೊತ್ತು, ಪಾರ್ಕಿಂಗ್ ಎಲ್ಲಿ, ಬೆಚ್ಚಗೆ ಕೂರಲು ಜಾಗ ಇದೆಯಾ, ತಿನ್ನಲು ಸಸ್ಯಾಹಾರ ಏನಾದರೂ ಸಿಗುತ್ತದಾ, ಅಷ್ಟೇ ಕೇಳುವುದು.

ನಿಮ್ಮ ಊರಿನಿಂದ ಅರ್ಧ ಗಂಟೆ ಒಳಗೆ ಎಷ್ಟು ಶಾಲೆಗಳಿವೆ ನೋಡಿ. ವಾರಕ್ಕೊಂದು ಸಂಜೆ ಮಕ್ಕಳನ್ನು ಬಸ್ಸಲ್ಲಿ ಕಳಿಸಲು ಎಷ್ಟು ಶಾಲೆ ಒಪ್ಪುತ್ತವೆ ಅಂತ ಮೊದಲೇ ಬರೆಸಿಕೊಳ್ಳಿ. ಹಲವು ಬೆಟ್ಟಗಳಿಗೆ ಒಂದೇ ಅನ್ನುವಂಥ ದೊಡ್ಡ ಕಂಪನಿಗಳ ಪಾಸ್ ಬಂದ ಮೇಲೆ ಸ್ಕೀ ಬಲ್ಲ ಕುಟುಂಬಗಳೆಲ್ಲ ದೊಡ್ಡ ಬೆಟ್ಟಕ್ಕೇ ಹೋಗುತ್ತವೆ. 2008ರಲ್ಲಿ ಎಪಿಕ್ ಪಾಸ್ ಶುರುವಾದಾಗ 579 ಡಾಲರ್‌ಗೆ ಇಡೀ ಸೀಸನ್! ಅವರ ಜೊತೆ ಸಣ್ಣ ಗುಡ್ಡ ಸೆಣಸಿ ಗೆಲ್ಲುವುದಿಲ್ಲ. ಇನ್ನೂ ಕಲಿಯದವರೇ ನಿಮ್ಮ ಜನ.

ಮತ್ತೆ ವರ್ಮಾಂಟ್, ಬೇರೊಬ್ಬರು

ಪಾಲಿನ ಬಗ್ಗೆ ಯಾರೂ ಮಾತಾಡಿಲ್ಲ ಅಲ್ವಾ?

ಇಲ್ಲಿನ ಮ್ಯಾಡ್ ರಿವರ್ ಗ್ಲೆನ್ 1995ರಿಂದ ಸ್ಕೀ ಮಾಡುವವರದೇ ಸಹಕಾರ ಸಂಘ. ಆಗ ಒಂದು ಪಾಲಿಗೆ 1,500 ಡಾಲರ್. ಲಾಭ ಬರುತ್ತದೆ ಅಂತ ಕೊಂಡವರಲ್ಲ ಅವರು, ಗುಡ್ಡ ಹಾಗೇ ಉಳಿಯಲಿ ಅಂತ ಕೊಂಡವರು. 2007ರಲ್ಲಿ ಹಳೆ ಸಿಂಗಲ್ ಚೇರ್ ಬದಲಿಸುವ ಸಮಯ ಬಂದಾಗಲೂ ಡಬಲ್ ಹಾಕದೆ ಅದನ್ನೇ ಸರಿಪಡಿಸಿಕೊಂಡರು. ಹಟ ಅನ್ನಿ, ಪ್ರೀತಿ ಅನ್ನಿ. ನಿಮ್ಮದೇ ಎನ್‌ಫೀಲ್ಡ್‌ನ ವೇಲ್‌ಬ್ಯಾಕ್ ಕೂಡ 2013ರಲ್ಲಿ ಮುಚ್ಚಿ ಲಾಭರಹಿತ ಸಂಸ್ಥೆಯ ಕೈಯಲ್ಲಿ ಮತ್ತೆ ತೆರೆಯಿತು. ಹೆದ್ದಾರಿ ಪಕ್ಕದಲ್ಲೇ ಇದೆ, ಹೋಗಿ ಅವರನ್ನೇ ಮಾತಾಡಿಸಿ.

ನಿಮ್ಮ ದುಡ್ಡನ್ನು ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೊಟ್ಟ ಹಾಗೆ ಕೊಡುವುದಾದರೆ ಕೊಡಿ. ವಾಪಸ್ ಬೇಕು ಅನ್ನುವ ದುಡ್ಡು ಹಾಕಬೇಡಿ. ಮಕ್ಕಳ ಕಾಲೇಜಿಗೆ ಇಟ್ಟದ್ದಂತೂ ಮುಟ್ಟಲೇಬೇಡಿ.

ಒಂದು ಭಿನ್ನ ಅಭಿಪ್ರಾಯ. ಮೇಲಿನವರು ಟಿ-ಬಾರ್ ಮಾತ್ರ ಸಾಕು ಅಂತಿದ್ದಾರೆ. ಟಿ-ಬಾರ್‌ನಲ್ಲಿ ಚಿಕ್ಕ ಮಕ್ಕಳು ಬೀಳುತ್ತಾರೆ, ಸ್ನೋಬೋರ್ಡ್‌ನವರು ಬೈಯುತ್ತಾರೆ. ಮೂರನೇ ನಾಲ್ಕನೇ ವರ್ಷಕ್ಕೆ ಚೇರ್ ಬೇಕೇ ಆಗಬಹುದು. ಆದ್ದರಿಂದ ಅದನ್ನು ಗುಜರಿಗೆ ಮಾರಬೇಡಿ. ಬಿಚ್ಚಿದರೆ ಮತ್ತೆ ಹಾಕಲು ಹೊಸ ಲಿಫ್ಟಿನಷ್ಟೇ ತಲೆನೋವು.

ಕೊಲೊರಾಡೋದಿಂದ

ಇಲ್ಲಿ ಕುಚಾರಾ ಅನ್ನುವ ಗುಡ್ಡ ಈ ಶತಮಾನದ ಶುರುವಿನಲ್ಲೇ ಮುಚ್ಚಿ, ಈಗ ಕೌಂಟಿಯ ಪಾರ್ಕ್ ಆಗಿದೆ. ಲಿಫ್ಟ್ ರಿಪೇರಿ ಮುಗಿಯುವವರೆಗೆ ಕಾಯಲಾರದೆ, ಕಾರು ಸಾಗಿಸುವ ಟ್ರೇಲರ್‌ಗೆ ಸೀಟು ಜೋಡಿಸಿ, ಸ್ನೋಕ್ಯಾಟ್‌ನಿಂದ (ಹಿಮದ ಮೇಲೆ ಓಡುವ ಟ್ರ್ಯಾಕ್ಟರ್‌ನಂಥ ಗಾಡಿ) ಎಳೆಸಿ ಜನರನ್ನು ಮೇಲಕ್ಕೆ ಹತ್ತಿಸಿದರು. ಮನಸ್ಸಿದ್ದರೆ ದಾರಿ ಇದೆ, ಆದರೆ ಅದಕ್ಕೂ ವಿಮೆ ಬೇಕು ಸ್ವಾಮಿ. ಮೊದಲು ವಿಮೆಯ ಕೋಟೇಶನ್ ತರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕೆರೆ ಇದೆ, ಪರವಾನಗಿ ಯಾರ ಹೆಸರಲ್ಲಿದೆ ಅಂತ ಗೊತ್ತಿಲ್ಲ. ಶನಿವಾರ ಊರಿನವರ ಸಭೆ. ನೀರಿನ ಕಾಗದ, ಲಿಫ್ಟಿನ ಕೊನೆಯ ಪರೀಕ್ಷೆಯ ವರದಿ, ವಿಮೆಯ ಕೋಟೇಶನ್ ಮೂರನ್ನೂ ಕೇಳುತ್ತೇನೆ. ಟ್ಯೂಬಿಂಗ್ ಮಾತನ್ನು ನನ್ನ ಹೆಂಡತಿ ಎತ್ತುತ್ತಾಳಂತೆ. ಅವಳಿಗೆ ಸ್ಕೀಗಿಂತ ಅದೇ ಇಷ್ಟ.

ಮೇನ್‌ನ ಇಂಜಿನಿಯರ್

ವರದಿ ಸಿಕ್ಕರೆ ಲಿಫ್ಟ್ ಮಾಡಿದ ಕಂಪನಿ, ವರ್ಷ, ಹಗ್ಗ ಬದಲಿಸಿದ ದಿನಾಂಕ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ. ವರದಿಯೇ ಇಲ್ಲ ಅಂದರೆ ಅದನ್ನೂ ಹಾಕಿ.