ಲಾ ಪಾಸ್‌ನ ‘ಮಾಟಗಾತಿಯರ ಪೇಟೆ’: ಹೇಗೆ ನೋಡುವುದು, ಏನು ಕೊಳ್ಳುವುದು?

ದೂರದಾರಿ:
ಬರುವ ಆಗಸ್ಟ್‌ನಲ್ಲಿ ಬೊಲಿವಿಯಾಕ್ಕೆ ಹೊರಟಿದ್ದೇನೆ. ಲಾ ಪಾಸ್ ನಗರದಲ್ಲಿ ಮೂರು ದಿನ ಇರುತ್ತೇನೆ. ಅಲ್ಲಿನ ಲಿನಾರೆಸ್ ಬೀದಿಯಲ್ಲಿ ಪ್ರವಾಸಿಗರು ‘ಮಾಟಗಾತಿಯರ ಪೇಟೆ’ ಎಂದು ಕರೆಯುವ ಮಾರುಕಟ್ಟೆಯನ್ನು ನೋಡುವ ಆಸೆಯೇನೋ ಇದೆ; ಆದರೆ ಅಂಗಡಿಗಳ ಮುಂದೆ ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಯ ಒಣಗಿದ ಭ್ರೂಣಗಳನ್ನು ತೂಗುಹಾಕಿರುವ ಚಿತ್ರಗಳನ್ನು ಕಂಡಾಗಿನಿಂದ ಮನಸ್ಸು ಸ್ವಲ್ಪ ಹಿಂಜರಿಯುತ್ತಿದೆ. ಅದು ಇಂದಿಗೂ ಅಲ್ಲಿಯವರು ಕೊಡು-ಕೊಳ್ಳುವ ಪೇಟೆಯೇ, ಅಥವಾ ನಮ್ಮಂಥವರಿಗಾಗಿ ಉಳಿಸಿಕೊಂಡಿರುವ ಪ್ರದರ್ಶನವೇ? ಫೋಟೊ ತೆಗೆದರೆ ಬೇಸರಪಡುತ್ತಾರೆಯೇ? ಕೆಮ್ಮು, ಹೊಟ್ಟೆನೋವಿನ ಗಿಡಮೂಲಿಕೆಗಳನ್ನು ಊರಿಗೆ ತರಬಹುದೇ?

ಸವೆದಚಪ್ಪಲಿ:
ಎರಡೂ ಹೌದು. ಸಾನ್ ಫ್ರಾನ್ಸಿಸ್ಕೊ ಚರ್ಚಿನ ಪಕ್ಕದಿಂದ ಸಗಾರ್ನಗ ಬೀದಿಯ ಏರು ಹತ್ತುವಾಗ ಸಿಗುವುದು ಹೆಚ್ಚಾಗಿ ಉಣ್ಣೆಯ ಟೋಪಿ, ಸ್ವೆಟರ್‌ಗಳ ಅಂಗಡಿಗಳು. ಲಿನಾರೆಸ್ ಕಡೆಗೆ ತಿರುಗಿದ ಮೇಲೆ ಗಿಡಮೂಲಿಕೆ ಮತ್ತು ಧೂಪದ ವಾಸನೆ ಮೂಗಿಗೆ ಬಡಿಯುತ್ತದೆ. ನಾನು ಹೋದದ್ದೂ ಆಗಸ್ಟ್‌ನಲ್ಲಿಯೇ. ಆ ತಿಂಗಳು ಭೂತಾಯಿ ಪಚಮಾಮಾ ಹಸಿದು ಬಾಯಿ ತೆರೆದಿರುತ್ತಾಳೆ ಎಂಬುದು ಅಲ್ಲಿಯ ಅಯ್ಮಾರಾ ಜನರ ನಂಬಿಕೆಯಾದ್ದರಿಂದ, ಪ್ರವಾಸಿಗರಿಗಿಂತ ಸ್ಥಳೀಯ ಗಿರಾಕಿಗಳೇ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದರು.

ಒಂದು ಅಂಗಡಿಯ ಬದಿಯಲ್ಲಿ ನಿಂತು, ಒಬ್ಬ ಹೆಂಗಸು ಪಚಮಾಮಾಗೆ ಅರ್ಪಿಸುವ ‘ಮೆಸಾ’ ಎಂಬ ಪೊಟ್ಟಣ ಕಟ್ಟುವುದನ್ನು ಬಹಳ ಹೊತ್ತು ನೋಡಿದೆ. ಮೊದಲು ಬಿಳಿ ಕಾಗದ ಹಾಸಿದಳು. ಅದರ ಮೇಲೆ ಕೋವಾ ಎಂಬ ಸುವಾಸನೆಯ ಸೊಪ್ಪು, ಬಣ್ಣದ ಉಣ್ಣೆಯ ಎಳೆಗಳು, ಲಾಮಾದ ಕೊಬ್ಬು, ಕೋಕಾ ಎಲೆಗಳು. ಆಮೇಲೆ ಸಕ್ಕರೆಯ ಚಿಕ್ಕ ಬಿಲ್ಲೆಗಳು. ಪ್ರತಿ ಬಿಲ್ಲೆಯ ಮೇಲೂ ಒಂದೊಂದು ಅಚ್ಚು: ಮನೆ, ಕಾರು, ಜೋಡಿ, ಸೂರ್ಯ. ಕೊಳ್ಳಲು ಬಂದವನು ಕಾರಿನ ಬಿಲ್ಲೆಯನ್ನು ತೆಗೆಸಿ ಮನೆಯ ಬಿಲ್ಲೆಯನ್ನು ಇನ್ನೊಂದು ಹಾಕಿಸಿಕೊಂಡ. ಕೊನೆಗೆ ಎಲ್ಲದರ ಮೇಲೆ ಒಂದು ಪುಟ್ಟ ‘ಸುಳ್ಳು’ ಇಟ್ಟು ಕಾಗದ ಮಡಚಿದಳು. ಗಾಬರಿಯಾಗಬೇಡಿ, ಲಾಮಾ ಭ್ರೂಣಕ್ಕೆ ಅಯ್ಮಾರಾದಲ್ಲಿ ಹೇಳುವ ಮಾತೇ ಅದು. ನಮ್ಮ ಸುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಮನೆ ಕಟ್ಟುವವರು ಅದನ್ನು ಪಾಯದಲ್ಲಿ ಹೂಳುತ್ತಾರೆ. ಹಾಗೆ ಮಾಡದಿದ್ದರೆ ಗಾರೆ ಕೆಲಸದವರು ಕೆಲಸಕ್ಕೆ ಕೈ ಹಚ್ಚಲು ಹಿಂಜರಿಯುತ್ತಾರಂತೆ. ಗರ್ಭಪಾತವಾದವು ಅಥವಾ ಕಡಿದ ಲಾಮಾಗಳ ಹೊಟ್ಟೆಯಲ್ಲಿ ಸಿಕ್ಕವು ಎಂದು ಮಾರುವವರು ಹೇಳುತ್ತಾರೆ.

ಫೋಟೊ ವಿಷಯದಲ್ಲಿ ನಾನೇ ಎಡವಿದ್ದೇನೆ. ಕೇಳದೆ ಮೊಬೈಲ್ ಎತ್ತಿದ್ದಕ್ಕೆ ಒಬ್ಬಾಕೆ ತನ್ನ ದುಂಡು ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು, ಕೈಗೆ ಸಿಕ್ಕ ಸೊಪ್ಪಿನ ಕಂತೆಯನ್ನು ನನ್ನ ಕಡೆ ಬೀಸಿದಳು. ಆಮೇಲೆ ಕೆಲವು ಬೊಲಿವಿಯಾನೊ ಕೊಟ್ಟು ಆಕೆಯ ಬಳಿಯೇ ಧೂಪ ಕೊಂಡು ಕೇಳಿದೆ. ಸಾಮಾನುಗಳ ಫೋಟೊ ತೆಗೆದುಕೊ, ನನ್ನದು ಬೇಡ ಎಂದು ಸನ್ನೆಯಲ್ಲೇ ಹೇಳಿದಳು.

ಗಡಿಯಾಚೆ:
ಊರಿಗೆ ತರುವ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಸಿಕ್ಕಿಹಾಕಿಕೊಳ್ಳುವುದು ಅಲ್ಲಿಯೇ. ಕೋಕಾ ಎಲೆ ಬೊಲಿವಿಯಾದಲ್ಲಿ ಕಾನೂನುಬದ್ಧ. ಎಲೆ ಜಗಿಯುವ ಪದ್ಧತಿಯನ್ನು ಉಳಿಸಿಕೊಳ್ಳಲೆಂದೇ ಆ ದೇಶ 1961ರ ಮಾದಕ ವಸ್ತುಗಳ ಅಂತರರಾಷ್ಟ್ರೀಯ ಒಪ್ಪಂದದಿಂದ ಹೊರಬಂದು, 2013ರಲ್ಲಿ ವಿನಾಯಿತಿಯೊಂದಿಗೆ ಮತ್ತೆ ಸೇರಿತು. ಆದರೆ ಭಾರತದ 1985ರ ಮಾದಕ ವಸ್ತುಗಳ ಕಾಯ್ದೆಯಡಿ (ಎನ್‌ಡಿಪಿಎಸ್) ಅದೇ ಎಲೆ ಮಾದಕ ವಸ್ತು. ಚಹಾದ ಪೊಟ್ಟಣದ ರೂಪದಲ್ಲಿದ್ದರೂ ಎಲೆ ಎಲೆಯೇ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಪೊಟ್ಟಣವೂ ತೊಂದರೆ ತರಬಹುದು. ಸಾನ್ ಪೆದ್ರೊ ಕಳ್ಳಿಯಲ್ಲಿ ಮೆಸ್ಕಲಿನ್ ಇರುವುದರಿಂದ ಅದನ್ನೂ ಮುಟ್ಟಬೇಡಿ. ಒಣಗಿದ ಪ್ರಾಣಿಗಳು, ಗರಿ, ಚರ್ಮ ಯಾವುದೂ ಬೇಡ. ಸಾಮಾನ್ಯ ಸೊಪ್ಪು, ಬೇರುಗಳಿಗೂ ಸಸ್ಯ ತಪಾಸಣೆಯ ನಿಯಮಗಳಿವೆ. ಕಲ್ಲಿನ ಪುಟ್ಟ ಗೊಂಬೆಗಳು ಸಾಕಲ್ಲವೇ?

ಬೇರುಸೊಪ್ಪು:
ಮೇಲಿನವರು ಬರೆದದ್ದು ಸರಿ. ಆದರೆ ಅಂಗಡಿಯ ಹೆಂಗಸರನ್ನು ಮಾಟಗಾತಿಯರೆಂದು ತಿಳಿದು ಹೋಗಬೇಡಿ. ಅವರನ್ನು ಅಲ್ಲಿ ಚಿಫ್ಲೆರಾ ಎನ್ನುತ್ತಾರೆ. ನಮ್ಮ ಗ್ರಂಧಿಗೆ ಅಂಗಡಿಯವರಿಗೆ ಹೋಲಿಸಬಹುದು. ಕೋಕಾ ಎಲೆಗಳನ್ನು ಚೆಲ್ಲಿ ಕಣಿ ಹೇಳುವುದು, ಮೆಸಾವನ್ನು ಕೆಂಡದ ಮೇಲಿಟ್ಟು ಅರ್ಪಿಸುವುದು ಯಾತಿರಿಗಳ ಕೆಲಸ. ಮದ್ದು ಕೊಡುವ ಕಲ್ಲವಾಯಾ ವೈದ್ಯರದು ಇನ್ನೊಂದು ಪರಂಪರೆ. ಅವರ ಮೂಲ ಲಾ ಪಾಸ್‌ನ ಉತ್ತರಕ್ಕಿರುವ ಬೌತಿಸ್ತಾ ಸಾವೇದ್ರಾ ಸೀಮೆ. ಅವರ ಲೋಕದೃಷ್ಟಿ 2008ರಿಂದ ಯುನೆಸ್ಕೊದ ಪಟ್ಟಿಯಲ್ಲಿದೆ. ಕೆಮ್ಮಿಗೆ ವೀರ-ವೀರ, ಹೊಟ್ಟೆಗೆ ಮುನ್ಯಾ ಕೊಡುತ್ತಾರೆ. ಅಲ್ಲಿಯೇ ಕುಡಿದು ಬನ್ನಿ. ಆದರೆ ನಿತ್ಯ ಮಾತ್ರೆ ತೆಗೆದುಕೊಳ್ಳುವವರು ನೀವಾಗಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ದೂರದಾರಿ:
ಎಲ್ಲರಿಗೂ ಧನ್ಯವಾದಗಳು. ಮೂಲಿಕೆ ತರುವ ಯೋಚನೆ ಬಿಟ್ಟೆ. ವಿಮಾನ ಇಳಿದ ದಿನವೇ ಪೇಟೆಗೆ ಹೋಗಬಹುದೇ?

ಸವೆದಚಪ್ಪಲಿ:
ಬೇಡ. ವಿಮಾನ ನಿಲ್ದಾಣವಿರುವ ಎಲ್ ಆಲ್ಟೊ 4,000 ಮೀಟರಿಗೂ ಮೇಲಿದೆ, ಪೇಟೆ ಸುಮಾರು 3,600 ಮೀಟರಿನಲ್ಲಿದೆ. ಸಗಾರ್ನಗದ ಏರಿನಲ್ಲಿ ಮೊದಲ ದಿನ ನಾನು ಇಪ್ಪತ್ತು ಹೆಜ್ಜೆಗೊಮ್ಮೆ ಉಸಿರು ಸಾಲದೆ ಗೋಡೆ ಹಿಡಿದು ನಿಂತಿದ್ದೆ. ಒಂದು ದಿನ ಮಲಗಿ, ಮರುದಿನ ಬೆಳಗ್ಗೆ ನಿಧಾನವಾಗಿ ಹತ್ತಿ.