ಗಣಿತ ಪಾಠಕ್ಕೆ ಟ್ಯಾಬ್ಲೆಟ್: ಪೆನ್ನು ನೋಡಿ ಕೊಳ್ಳಬೇಕೋ, ಪರದೆ ನೋಡಿ ಕೊಳ್ಳಬೇಕೋ?

ಪ್ರಶ್ನೆ – ಗಣಿತ ಶಿಕ್ಷಕ, ಕಲಬುರಗಿ

ಎಲ್ಲರಿಗೂ ಶರಣು. ನಾನು ಪಿಯುಸಿ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಟ್ಯಾಬ್ಲೆಟ್ ಮೇಲೆ ಬರೆಯುತ್ತ, ಅದನ್ನು ಪ್ರೊಜೆಕ್ಟರ್ ಮೂಲಕ ಗೋಡೆಯ ಮೇಲೆ ತೋರಿಸುವುದು ನನ್ನ ಕ್ರಮ. ಈಗ ಬಳಸುತ್ತಿರುವುದು ರಬ್ಬರ್ ತುದಿಯ ಅಗ್ಗದ ಪೆನ್ನು. ಅಂಗೈ ತಾಗಿದಲ್ಲೆಲ್ಲ ಗೆರೆ ಬೀಳುತ್ತದೆ. ಘಾತಾಂಕಗಳೂ ಕನ್ನಡದ ಒತ್ತಕ್ಷರಗಳೂ ಮುದ್ದೆಯಾಗಿ, ಹಿಂದಿನ ಬೆಂಚಿನವರಿಗೆ ಓದಲು ಬರುವುದಿಲ್ಲ. ಅಂಗಡಿಯವರು ಒಂದು ಪೆನ್ನಿಗೆ 4096 ಹಂತದ ಒತ್ತಡವಿದೆ ಎನ್ನುತ್ತಾರೆ, ಇನ್ನೊಂದಕ್ಕೆ ಚಾರ್ಜ್ ಮಾಡುವುದೇ ಬೇಡ ಎನ್ನುತ್ತಾರೆ. ನನ್ನ ಈಗಿನ ಟ್ಯಾಬ್ಲೆಟ್ಟಿಗೇ ಒಳ್ಳೆಯ ಪೆನ್ನು ತಂದರೆ ಸಾಕೇ, ಅಥವಾ ಟ್ಯಾಬ್ಲೆಟ್ಟನ್ನೇ ಬದಲಿಸಬೇಕೇ? ನಮ್ಮ ಬೇಸಿಗೆಯನ್ನೂ ಗಮನದಲ್ಲಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಮೊಬೈಲ್ ದುರಸ್ತಿ, ಯಾದಗಿರಿ

ಸರ್, ಪೆನ್ನು ಏನು ಮಾಡಬಲ್ಲದು ಎಂಬುದನ್ನು ಬಹುಮಟ್ಟಿಗೆ ಪರದೆಯೇ ನಿರ್ಧರಿಸುತ್ತದೆ. ಇಂದಿನ ಟ್ಯಾಬ್ಲೆಟ್ಟುಗಳ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕಗಳ ಜಾಲವಿರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಆಗುವ ಬದಲಾವಣೆಯನ್ನು ಅದು ಅಳೆಯುತ್ತದೆ. ಇದಕ್ಕೆ ಕೆಪ್ಯಾಸಿಟಿವ್ ಪರದೆ ಎನ್ನುತ್ತಾರೆ. ನಿಮ್ಮ ರಬ್ಬರ್ ಪೆನ್ನು ಬೆರಳನ್ನು ಅನುಕರಿಸುತ್ತದೆ, ಅಷ್ಟೇ. ಯಾವುದು ಪೆನ್ನು, ಯಾವುದು ಅಂಗೈ ಎಂದು ಖಚಿತವಾಗಿ ಬೇರ್ಪಡಿಸಲು ಪರದೆಗೆ ಯಾವ ಆಧಾರವೂ ಸಿಗುವುದಿಲ್ಲ.

ಎರಡನೆಯ ಬಗೆಯ ಪೆನ್ನಿನೊಳಗೆ ವಿದ್ಯುತ್ ಸಂಗ್ರಹವಿರುತ್ತದೆ. ತುದಿಯಿಂದ ಅದು ಹೊರಡಿಸುವ ಸಂಕೇತವನ್ನು ಅದೇ ಜಾಲ ಹಿಡಿಯುತ್ತದೆ. 2015ರಲ್ಲಿ ಬಂದ ಆಪಲ್ ಪೆನ್ಸಿಲ್ ಈ ಜಾತಿಯದು, ಮತ್ತು ಅದು ಐಪ್ಯಾಡ್ ಬಿಟ್ಟು ಬೇರೆಲ್ಲಿಯೂ ನಡೆಯುವುದಿಲ್ಲ. ಮೂರನೆಯದು ವ್ಯಾಕಾಮ್ ಸಂಸ್ಥೆಯ ವಿದ್ಯುತ್ಕಾಂತೀಯ ಅನುರಣನದ ವಿಧಾನ. ಇಲ್ಲಿ ಪರದೆಯ ಹಿಂದೆ ಇನ್ನೊಂದು ಹಲಗೆ ಇರುತ್ತದೆ. ಅದರ ಸುರುಳಿಗಳು ಗಾಳಿಯಲ್ಲೇ ಪೆನ್ನಿಗೆ ಶಕ್ತಿ ಕೊಟ್ಟು, ಪೆನ್ನಿನಿಂದ ಮರಳಿ ಬರುವ ಸಂಕೇತದಿಂದ ಅದರ ಸ್ಥಾನವನ್ನು ಗುರುತಿಸುತ್ತವೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಇದನ್ನೇ ಬಳಸುತ್ತದೆ. ಕೆಲವು ಎಸ್ ಪೆನ್ನುಗಳಿಗೆ ಬ್ಲೂಟೂತ್ ಗುಂಡಿಗಾಗಿ ಚಾರ್ಜ್ ಬೇಕಾದರೂ, ಬರೆಯುವುದಕ್ಕೆ ಬೇಡ. ಆ ಹಲಗೆ ಇಲ್ಲದ ಟ್ಯಾಬ್ಲೆಟ್ಟಿಗೆ ಎಷ್ಟೇ ದುಬಾರಿಯ ಎಸ್ ಪೆನ್ ತಂದರೂ ಒಂದು ಗೆರೆಯೂ ಮೂಡದು. ಆದ್ದರಿಂದ ಮೊದಲು ನಿಮ್ಮ ಟ್ಯಾಬ್ಲೆಟ್ಟಿನ ವಿವರಪಟ್ಟಿಯಲ್ಲಿ ಯಾವುದಾದರೂ ಸಕ್ರಿಯ ಪೆನ್ನಿಗೆ, ಅಂದರೆ ಈ ಎರಡನೆಯ ಅಥವಾ ಮೂರನೆಯ ಬಗೆಯದಕ್ಕೆ, ಬೆಂಬಲವಿದೆಯೇ ಎಂದು ನೋಡಿ. ಇಲ್ಲವಾದರೆ ಪೆನ್ನಿಗೆ ಹಣ ಹಾಕಬೇಡಿ.

4096ರ ಮಾತನ್ನು ಮರೆತುಬಿಡಿ. ಒತ್ತಿದಂತೆ ಗೆರೆ ದಪ್ಪವಾಗುವುದು ಚಿತ್ರಕಾರರಿಗೆ ಬೇಕು, ಸಮೀಕರಣಕ್ಕೆ ಬೇಡ. 2023ರಲ್ಲಿ ಬಂದ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ನಲ್ಲಿ ಒತ್ತಡ ಗುರುತಿಸುವ ಸೌಲಭ್ಯವೇ ಇಲ್ಲ. ನಿಮ್ಮ ಕೆಲಸಕ್ಕೆ ಅದರಿಂದ ಏನೂ ಕಡಿಮೆಯಾಗದು.

ಉತ್ತರ 2 – ಬಿದ್ರಿ ವಿನ್ಯಾಸ, ಬೀದರ್

ಯಾದಗಿರಿಯವರ ಮಾತಿಗೆ ನನ್ನ ಸಹಮತವಿದೆ, ಆದರೆ ಒತ್ತಡವನ್ನು ನಾವು ಅಷ್ಟು ಸುಲಭವಾಗಿ ಮರೆಯಲಾರೆವು. ಬಿದ್ರಿ ಕೆಲಸದಲ್ಲಿ ಪಾತ್ರೆಗೆ ಮೈಲುತುತ್ತಿನ ದ್ರಾವಣ ಹಚ್ಚಿ ಕಪ್ಪಾಗಿಸಿ, ಅದರ ಮೇಲೆ ಮೊನಚಾದ ಸಲಾಕೆಯಿಂದ ಬಳ್ಳಿ, ಹೂವುಗಳನ್ನು ಗೀರುತ್ತಾರೆ. ನಾನು ಆ ನಕಾಶೆಗಳನ್ನು ಮೊದಲು ಟ್ಯಾಬ್ಲೆಟ್ ಮೇಲೆ ಬರೆದುಕೊಳ್ಳುತ್ತೇನೆ, ಮತ್ತು ಕೈ ಬಹಳ ನಿಧಾನವಾಗಿ ಸಾಗುತ್ತದೆ.

ಅಂಗಡಿಯಲ್ಲಿ ಎಲ್ಲರೂ ಸರಸರನೆ ಸಹಿ ಹಾಕಿ ನೋಡುತ್ತಾರೆ. ವೇಗವಾಗಿ ಎಳೆದ ಗೆರೆ ಯಾವ ಪರದೆಯಲ್ಲೂ ಚೆಂದವೇ ಕಾಣುತ್ತದೆ. ನೀವು ಒಂದು ಪ್ಲಾಸ್ಟಿಕ್ ಅಳತೆಪಟ್ಟಿ ಒಯ್ದು, ಅದನ್ನು ಓರೆಯಾಗಿಟ್ಟು, ನಿಧಾನವಾಗಿ ಗೆರೆ ಎಳೆಯಿರಿ. ಜಾಲದ ತಂತಿಗಳ ನಡುವೆ ಕೆಲವು ಮಿಲಿಮೀಟರ್ ಅಂತರವಿರುವುದರಿಂದ ತುದಿಯ ಸ್ಥಾನವನ್ನು ಅಕ್ಕಪಕ್ಕದ ತಂತಿಗಳ ಸಂಕೇತದಿಂದ ಲೆಕ್ಕ ಹಾಕಲಾಗುತ್ತದೆ. ಆ ಲೆಕ್ಕ ಒರಟಾಗಿದ್ದರೆ ಗೆರೆ ಅಲೆಯಂತೆ ನಡುಗುತ್ತದೆ. ಚಿಕ್ಕ ಒತ್ತಕ್ಷರ ಕೆಡುವುದಕ್ಕೆ ಇದೂ ಒಂದು ಕಾರಣ.

ಹಾಗೆಯೇ ಗಾಜಿಗೂ ಚಿತ್ರ ಮೂಡುವ ಪದರಕ್ಕೂ ನಡುವೆ ಸಂದು ಇದೆಯೇ ಎಂದು ಓರೆಯಿಂದ ನೋಡಿ. ಸಂದು ಇದ್ದರೆ ಪೆನ್ನು ಒಂದು ಕಡೆ, ಶಾಯಿ ಇನ್ನೊಂದು ಕಡೆ ಇರುವಂತೆ ತೋರುತ್ತದೆ. ಹತ್ತನೆಯ ಪೀಳಿಗೆಯ ಐಪ್ಯಾಡ್‌ನಲ್ಲಿಯೂ ಈ ಎರಡು ಪದರಗಳನ್ನು ಅಂಟಿಸಿ ಒಂದಾಗಿಸಿಲ್ಲ. ಮೇಲೆ ದಪ್ಪ ರಕ್ಷಣಾ ಗಾಜು ಅಂಟಿಸಿದರೆ ಅಂತರ ಮತ್ತಷ್ಟು ಹೆಚ್ಚುತ್ತದೆ. ಕಾಗದದಂತಹ ಒರಟು ಹಾಳೆ ಅಂಟಿಸಿದರೆ ಬರೆಯಲು ಹಿತ, ಆದರೆ ಪೆನ್ನಿನ ತುದಿ ಬೇಗ ಸವೆಯುತ್ತದೆ. ಯಾದಗಿರಿಯವರು ಹೇಳಿದ, ಪರದೆಯ ಹಿಂದೆ ಹಲಗೆಯುಳ್ಳ ಟ್ಯಾಬ್ಲೆಟ್ ತೆಗೆದುಕೊಂಡರೆ ಆಯಸ್ಕಾಂತವಿರುವ ಕವರನ್ನು ಹಿಂದಕ್ಕೆ ಮಡಚಿ ಬರೆಯಬೇಡಿ. ಆ ಜಾಗದಲ್ಲಿ ಗೆರೆ ಸೊಟ್ಟಗಾಗಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನನ್ನ ಟ್ಯಾಬ್ಲೆಟ್ಟಿಗೆ ಸಕ್ರಿಯ ಪೆನ್ನಿನ ಬೆಂಬಲವಿಲ್ಲವೆಂದು ಖಚಿತವಾಯಿತು. ಹಾಗಾದರೆ 120 ಹರ್ಟ್ಜ್ ಪರದೆಗೆ ಹೆಚ್ಚು ಹಣ ಕೊಡಬೇಕೇ?

ಉತ್ತರ 3 – ಮೊಬೈಲ್ ದುರಸ್ತಿ, ಯಾದಗಿರಿ

60 ಹರ್ಟ್ಜ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ, 120 ಹರ್ಟ್ಜ್‌ನದು 8.3ಕ್ಕೊಮ್ಮೆ. ಬರೆಯುವವರಿಗೆ ಈ ವ್ಯತ್ಯಾಸ ತಿಳಿಯುತ್ತದೆ, ಗೋಡೆ ನೋಡುವ ವಿದ್ಯಾರ್ಥಿಗಳಿಗೆ ತಿಳಿಯದು. ನೀವು ಪ್ರೊಜೆಕ್ಟರ್‌ಗೆ ವೈಫೈ ಮೂಲಕ ಕಳಿಸುತ್ತಿದ್ದರೆ, ಅಲ್ಲಿ ಆಗುವ ವಿಳಂಬವೇ ಇದಕ್ಕಿಂತ ಬಹಳ ದೊಡ್ಡದು. ಹಾಗಾಗಿ ಆ ಹಣವನ್ನು ಉಳಿಸಿ, ಯುಎಸ್‌ಬಿ-ಸಿ ಕಿಂಡಿಯಿಂದ ವಿಡಿಯೊ ಹೊರಗೆ ಕೊಡುವ ಟ್ಯಾಬ್ಲೆಟ್ ಹುಡುಕಿರಿ. ಕಿಂಡಿ ನೋಡಲು ಒಂದೇ ಥರ ಇದ್ದರೂ ಅಗ್ಗದ ಹಲವು ಮಾದರಿಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಎಚ್‌ಡಿಎಂಐ ಅಡಾಪ್ಟರನ್ನು ಅಂಗಡಿಯಲ್ಲೇ ಚುಚ್ಚಿ ನೋಡಿ.

ಬೇಸಿಗೆಯ ಬಗ್ಗೆ: ಐಪ್ಯಾಡ್ ಬಳಸಲು ಸುತ್ತಲಿನ ತಾಪಮಾನ 35 ಡಿಗ್ರಿಯೊಳಗಿರಬೇಕೆಂದು ಆಪಲ್ ಹೇಳುತ್ತದೆ, ಕಲಬುರಗಿಯ ಮೇ ತಿಂಗಳು 40 ದಾಟುತ್ತದೆ. ಬಿಸಿಯಾದಾಗ ಪರದೆ ತಾನಾಗಿಯೇ ಮಂಕಾಗುತ್ತದೆ. ಪಾಠ ನಡೆಯುವಾಗ ಚಾರ್ಜ್‌ಗೆ ಹಾಕಬೇಡಿ, ಮೊದಲೇ ತುಂಬಿಸಿಕೊಳ್ಳಿ. ಪ್ರೊಜೆಕ್ಟರ್ ಬಿಸಿಗಾಳಿ ಬಿಡುವ ಬದಿಯಲ್ಲಂತೂ ಟ್ಯಾಬ್ಲೆಟ್ ಇಡಲೇಬೇಡಿ.