ಸ್ವತಂತ್ರ ಹಾಡಿಗೆ ವಿದ್ಯಾರ್ಥಿಗಳ ವಿಡಿಯೊ: ಪ್ರಾಯೋಗಿಕ ಚಿತ್ರೀಕರಣದಲ್ಲಿ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಧಾರವಾಡದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಓದುತ್ತಿರುವ ನಾವು ಕೆಲವು ಸಹಪಾಠಿಗಳು ಸೇರಿ, ಹುಬ್ಬಳ್ಳಿಯ ಯುವಕರ ತಂಡವೊಂದು ತಾನೇ ಬರೆದು, ರಾಗ ಸಂಯೋಜಿಸಿ, ಮನೆಯ ಕೋಣೆಯಲ್ಲಿಯೇ ಧ್ವನಿಮುದ್ರಿಸಿಕೊಂಡಿರುವ ಹಾಡಿಗೆ ವಿಡಿಯೊ ಮಾಡಿಕೊಡಲು ಒಪ್ಪಿದ್ದೇವೆ. ಹಾಡು ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಉದ್ದವಿದೆ. ಊರು ಬಿಟ್ಟು ಬೆಂಗಳೂರಿಗೆ ಹೊರಟ ಹುಡುಗನೊಬ್ಬ ಮನೆಯವರೊಂದಿಗೆ ಆಡದೇ ಉಳಿಸಿಕೊಂಡ ಮಾತುಗಳು ಅದರಲ್ಲಿವೆ. ಎರಡನೆಯ ಚರಣದ ನಂತರ ಶಿಶುನಾಳ ಶರೀಫರ ತತ್ವಪದವೊಂದರ ಎರಡು ಸಾಲುಗಳು ಬಂದುಹೋಗುತ್ತವೆ.

ನಮ್ಮ ಬಳಿ ಎರವಲು ತಂದ ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡು ಫೋನ್, ಒಂದು ಟ್ರೈಪಾಡ್ ಮತ್ತು ಒಂದು ಬ್ಲೂಟೂತ್ ಸ್ಪೀಕರ್ ಇವೆ. ಉಣಕಲ್ ಕೆರೆ, ಸಾಧನಕೇರಿ, ಲಕ್ಕುಂಡಿಯ ಗುಡಿಗಳು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಹುಬ್ಬಳ್ಳಿ ರೈಲು ನಿಲ್ದಾಣ ಇಷ್ಟನ್ನು ಗುರುತಿಸಿಕೊಂಡಿದ್ದೇವೆ. ಮುಖ್ಯ ಚಿತ್ರೀಕರಣ ಜನವರಿ ಕೊನೆಗೆ; ಅದಕ್ಕೂ ಮೊದಲು ಒಂದು ಭಾನುವಾರ ಪ್ರಾಯೋಗಿಕ ಚಿತ್ರೀಕರಣ ಮಾಡಬೇಕೆಂದಿದ್ದೇವೆ. ಆ ಒಂದು ದಿನದಲ್ಲಿ ಯಾವುದನ್ನು ಪರೀಕ್ಷಿಸಬೇಕು, ಯಾವುದನ್ನು ಬಿಡಬಹುದು ಎಂಬುದೇ ನಮ್ಮ ಪ್ರಶ್ನೆ. ಗಾಯಕನು ವೇದಿಕೆಯ ಮೇಲೆ ಸರಾಗವಾಗಿ ಹಾಡುತ್ತಾನೆ, ಆದರೆ ಕ್ಯಾಮೆರಾ ಎದುರು ನಿಂತಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಬಿಗಿಯಾಗುತ್ತಾನೆ ಎಂಬುದನ್ನೂ ಹೇಳಬೇಕು.

ಉತ್ತರ: ಸಂಕಲನಕಾರ, ಹುಬ್ಬಳ್ಳಿ

ನಿಮ್ಮ ಬರಹದಲ್ಲಿ ಸ್ಥಳಗಳು ಐದು ಇವೆ, ಹಾಡಿನ ಹುಡುಗ ಮಾತ್ರ ಒಂದೇ ವಾಕ್ಯದಲ್ಲಿ ಮುಗಿದುಹೋಗಿದ್ದಾನೆ. ಮೊದಲು ಹಾಡನ್ನು ಕಾಗದದ ಮೇಲೆ ಸೆಕೆಂಡುಗಳ ಲೆಕ್ಕದಲ್ಲಿ ಬಿಡಿಸಿ ಬರೆಯಿರಿ. ಆರಂಭದ ವಾದ್ಯ, ಪಲ್ಲವಿ, ಚರಣ, ನಡುವಿನ ಬಿಡುವು, ಶರೀಫರ ಸಾಲುಗಳು, ಕೊನೆಯ ಪಲ್ಲವಿ ಪ್ರತಿಯೊಂದೂ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸಿ, ಆ ಹೊತ್ತಿಗೆ ತೆರೆಯ ಮೇಲೆ ಯಾರು ಏನು ಮಾಡುತ್ತಿರುತ್ತಾರೆ ಎಂಬುದನ್ನು ಎದುರಿಗೆ ಬರೆಯಿರಿ. "ಉಣಕಲ್ ಕೆರೆ" ಎಂಬುದು ಈ ಖಾನೆಗೆ ಉತ್ತರವಲ್ಲ. "ಬಸ್ಸು ತಪ್ಪಿದರೆ ಒಳ್ಳೆಯದಿತ್ತು ಎಂದುಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತಿದ್ದಾನೆ" ಎಂಬುದು ಉತ್ತರ.

ಆ ಭಾನುವಾರ ಊರೂರು ಸುತ್ತಬೇಡಿ ಎಂಬುದು ನನ್ನ ಖಚಿತ ಸಲಹೆ. ಯಾರದಾದರೂ ಮನೆಯ ಮಾಳಿಗೆ ಸಾಕು. ಅಲ್ಲಿ ಹಾಡನ್ನು ಆದಿಯಿಂದ ಅಂತ್ಯದವರೆಗೆ ಎಲ್ಲಿಯೂ ನಿಲ್ಲಿಸದೆ ಮೂರು ಅಳತೆಗಳಲ್ಲಿ, ಎಂದರೆ ಇಡೀ ಆಳು ಕಾಣುವಂತೆ, ಸೊಂಟದಿಂದ ಮೇಲೆ ಮತ್ತು ಮುಖ ಮಾತ್ರ, ಚಿತ್ರೀಕರಿಸಿರಿ. ಅದೇ ರಾತ್ರಿ ಕುಳಿತು ಪೂರ್ತಿ ಹಾಡನ್ನು ಜೋಡಿಸಿರಿ. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯೇ ಇದಕ್ಕೆ ಧಾರಾಳವಾಯಿತು. ಇನ್ನೂ ಚಿತ್ರೀಕರಿಸದ ಕಡೆ ಕಪ್ಪು ತೆರೆಯಿಟ್ಟು "ತಾಯಿ ಬುತ್ತಿ ಕಟ್ಟುತ್ತಿದ್ದಾಳೆ" ಎಂದು ಅಕ್ಷರದಲ್ಲಿ ಬರೆದುಬಿಡಿ. ಹೀಗೆ ಸಿದ್ಧವಾದ ಕಚ್ಚಾ ಪ್ರತಿಯನ್ನು ಹಾಡನ್ನು ಹಿಂದೆ ಕೇಳದವರಿಗೆ ತೋರಿಸಿ, ಅವರ ಕಣ್ಣು ತೆರೆಯಿಂದ ಎಲ್ಲಿ ಸರಿಯುತ್ತದೆ ಎಂಬುದನ್ನು ಗಮನಿಸಿ. ಜನವರಿಯಲ್ಲಿ ಯಾವ ದೃಶ್ಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಯಾವ ಸ್ಥಳವೇ ಬೇಡ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಗಾಯಕನಿಗೆ ಅಭಿನಯಿಸಲು ಹೇಳದೆ ಕೈಗೆ ಕೆಲಸ ಕೊಡಿ: ಬಟ್ಟೆ ಮಡಚಲಿ, ಚೀಲದ ಜಿಪ್ಪು ಹಾಕಲು ಹೆಣಗಲಿ, ಗಡಿಯಾರ ಕಟ್ಟಿಕೊಳ್ಳಲಿ. ಬರೀ ತುಟಿ ಆಡಿಸಲು ಬಿಡದೆ ಗಟ್ಟಿಯಾಗಿಯೇ ಹಾಡಿಸಿರಿ, ಏಕೆಂದರೆ ಉಸಿರು ತೆಗೆದುಕೊಳ್ಳುವ ರೀತಿ ಮತ್ತು ಕತ್ತಿನ ನರಗಳ ಬಿಗಿತ ಹತ್ತಿರದ ಶಾಟ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸುಳ್ಳು ಹಾಡನ್ನು ನೋಡುಗರು ಕೂಡಲೇ ಗುರುತಿಸುತ್ತಾರೆ.

ಸ್ಥಳ ನೋಡುವ ಕೆಲಸವನ್ನು ಬೇರೆ ದಿನ, ಗಾಯಕನಿಲ್ಲದೆ, ಆದರೆ ಚಿತ್ರೀಕರಣದ ಗಳಿಗೆಯಲ್ಲಿಯೇ ಮಾಡಿರಿ. ನಮ್ಮ ಸೀಮೆಯಲ್ಲಿ ಸಂಜೆಯ ಬಂಗಾರದ ಬೆಳಕು ಉಳಿಯುವುದು ಸುಮಾರು ಅರ್ಧ ಗಂಟೆ. ನಾಲ್ಕು ನಿಮಿಷದ ಹಾಡು, ಮಧ್ಯೆ ಕ್ಯಾಮೆರಾ ಸರಿಸುವ ಸಮಯ ಎಲ್ಲವನ್ನೂ ಕೂಡಿಸಿದರೆ ಕೆರೆಯ ದಂಡೆಯಲ್ಲಿ ಮೂರು ನಾಲ್ಕು ಟೇಕ್‌ಗಳಿಗಿಂತ ಹೆಚ್ಚು ಸಿಗುವುದಿಲ್ಲ. ರೈಲು ನಿಲ್ದಾಣದ ಬಗ್ಗೆಯೂ ಒಂದು ಮಾತು. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾದ ಮೇಲೆ ಎಲ್ಲರಿಗೂ ಅಲ್ಲಿ ಚಿತ್ರೀಕರಿಸುವ ಆಸೆ. ಆದರೆ ಕಣ್ಣಿನ ಮಟ್ಟದಲ್ಲಿ ಹಿಡಿದ ಕ್ಯಾಮೆರಾಕ್ಕೆ ಅದೂ ಉಳಿದ ಪ್ಲಾಟ್‌ಫಾರ್ಮ್‌ಗಳಂತೆಯೇ ಕಾಣುತ್ತದೆ.

ಉತ್ತರ: ಧ್ವನಿ ತಂತ್ರಜ್ಞ, ಗದಗ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಮಾಳಿಗೆಯ ಮೇಲೆಯೇ ತುಟಿ ಮತ್ತು ಹಾಡಿನ ಹೊಂದಾಣಿಕೆಯನ್ನು ಪರೀಕ್ಷಿಸದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥವಾದೀತು.

ಅನೇಕ ಫೋನ್‌ಗಳು ಫ್ರೇಮ್ ವೇಗವನ್ನು, ಎಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು, ಒಂದೇ ಸಮನೆ ಕಾಯ್ದುಕೊಳ್ಳುವುದಿಲ್ಲ. ಬೆಳಕು ಕಡಿಮೆಯಾದಂತೆ ಅದು ಏರಿಳಿಯುತ್ತದೆ. ಆದ್ದರಿಂದ ಒಂದು ಪೂರ್ತಿ ಟೇಕ್ ತೆಗೆದು, ಹಾಡಿನ ಆರಂಭದಲ್ಲಿ ಚಿತ್ರವನ್ನೂ ಮೂಲ ಟ್ರ್ಯಾಕನ್ನೂ ಹೊಂದಿಸಿ, ನೇರವಾಗಿ ಕೊನೆಯ ಸಾಲಿಗೆ ಹೋಗಿ ನೋಡಿರಿ. ಅಲ್ಲಿ ತುಟಿ ಹಿಂದೆಮುಂದೆ ಆಗಿದ್ದರೆ ಆ ಫೋನಿನಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿ, ಮೂರೂ ಸಾಧನಗಳನ್ನು ಸೆಕೆಂಡಿಗೆ 25 ಫ್ರೇಮ್‌ಗಳಿಗೆ ನಿಗದಿಪಡಿಸಿರಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆಗಿರುವುದರಿಂದ ಮನೆಯೊಳಗಿನ ಎಲ್‌ಇಡಿ ದೀಪಗಳ ಕೆಳಗೆ ಶಟರ್ (ಪ್ರತಿ ಫ್ರೇಮಿಗೂ ಬೆಳಕು ಒಳಬರುವ ಸಮಯ) 1/50 ಅಥವಾ 1/100 ಸೆಕೆಂಡ್ ಇರಲಿ. ಬೇರೆ ವೇಗದಲ್ಲಿ ಚಿತ್ರದ ಮೇಲೆ ಪಟ್ಟಿಗಳು ಓಡಾಡುವ ಸಾಧ್ಯತೆ ಹೆಚ್ಚು.

ಪ್ಲೇಬ್ಯಾಕ್‌ಗಾಗಿ ಹಾಡಿನ ಪ್ರತ್ಯೇಕ ಪ್ರತಿ ಮಾಡಿಕೊಳ್ಳಿ. ಅದರಲ್ಲಿ ಪ್ರತಿ ಚರಣಕ್ಕೂ ಮುಂಚೆ ಅದೇ ಲಯದಲ್ಲಿ ನಾಲ್ಕು ಟಿಕ್ ಶಬ್ದಗಳಿರಲಿ. ಆಗ ಎರಡನೆಯ ಚರಣವೊಂದನ್ನೇ ಮತ್ತೆ ತೆಗೆಯಬೇಕಾದಾಗ ಗಾಯಕ ತಡಬಡಾಯಿಸುವುದಿಲ್ಲ. ಬ್ಲೂಟೂತ್ ಸ್ಪೀಕರ್ ಹಾಡನ್ನು ಸ್ವಲ್ಪ ತಡವಾಗಿ ನುಡಿಸುವುದೇನೋ ನಿಜ, ಆದರೆ ಗಾಯಕನೂ ಕ್ಯಾಮೆರಾದ ಮೈಕೂ ಅದೇ ಸ್ಪೀಕರನ್ನು ಕೇಳುತ್ತಿರುವವರೆಗೆ ಅದರಿಂದ ತೊಂದರೆಯಿಲ್ಲ. ಗಾಯಕನ ಕಿವಿಯಲ್ಲಿ ಇಯರ್‌ಬಡ್, ಕ್ಯಾಮೆರಾದ ಪಕ್ಕ ಬೇರೊಂದು ಫೋನ್ ಎಂದು ಮಾಡಿದರೆ ಮಾತ್ರ ಎರಡೂ ಬೇರೆಬೇರೆ ದಾರಿ ಹಿಡಿಯುತ್ತವೆ.

ದೂರದ ಶಾಟ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಗಾಯಕನಿಂದ 34 ಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಹಾಡು ಅದರ ಮೈಕನ್ನು ತಲುಪುವ ಹೊತ್ತಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ, ಅಂದರೆ ಎರಡೂವರೆ ಫ್ರೇಮ್, ಕಳೆದಿರುತ್ತದೆ. ಆ ಧ್ವನಿಯನ್ನು ನಂಬಿ ಹೊಂದಿಸಿದರೆ ತುಟಿ ಮೊದಲು ಅಲುಗಿ, ಹಾಡು ನಂತರ ಕೇಳಿಸುತ್ತದೆ. ಸ್ಪೀಕರನ್ನು ಯಾವಾಗಲೂ ಗಾಯಕನ ಕಾಲ ಬಳಿಯೇ ಇಟ್ಟು, ಎಡಿಟಿಂಗ್‌ನಲ್ಲಿ ಚಿತ್ರವನ್ನು ಎರಡು ಮೂರು ಫ್ರೇಮ್ ಮುಂದಕ್ಕೆ, ಎಂದರೆ ಅಷ್ಟು ತಡವಾಗಿ ಬರುವಂತೆ, ಸರಿಸಿದರೆ ಸಾಕು.

ಮರುಪ್ರಶ್ನೆ: ಧಾರವಾಡದ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಮಾಳಿಗೆಯ ಸಲಹೆಯನ್ನು ತಂಡದವರೆಲ್ಲ ಒಪ್ಪಿದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ಗಾಯಕ ನಿಧಾನವಾಗಿ ನಡೆದು ಬರುತ್ತ ಹಾಡುವ ಸ್ಲೋ ಮೋಷನ್ ದೃಶ್ಯವೊಂದು ನಮ್ಮ ಮನಸ್ಸಿನಲ್ಲಿದೆ. ಚಿತ್ರ ನಿಧಾನವಾದರೂ ತುಟಿ ಹಾಡಿಗೆ ಹೊಂದುವಂತೆ ಮಾಡುವುದು ಹೇಗೆ?

ಉತ್ತರ: ಛಾಯಾಗ್ರಾಹಕ, ಹಾವೇರಿ

ಸೆಕೆಂಡಿಗೆ 50 ಫ್ರೇಮ್‌ಗಳಲ್ಲಿ ತೆಗೆದು 25ರಲ್ಲಿ ತೋರಿಸಿದರೆ ಚಿತ್ರ ಅರ್ಧ ವೇಗಕ್ಕೆ ಇಳಿಯುತ್ತದೆ. ಹಾಗಾಗಿ ಚಿತ್ರೀಕರಣದ ವೇಳೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಗಾಯಕನು ಅದೇ ವೇಗದಲ್ಲಿ ಹಾಡಬೇಕು. ಇದು ಬಾಯಿಪಾಠ ಮಾಡಿಕೊಂಡವನಿಗೂ ಕಷ್ಟ, ನಿಮ್ಮ ಗಾಯಕನಿಗಂತೂ ಇನ್ನಷ್ಟು ಬಿಗಿತ ತಂದೀತು. 30 ಫ್ರೇಮ್‌ಗಳಲ್ಲಿ ತೆಗೆದು, ಹಾಡನ್ನು 1.2 ಪಟ್ಟು ವೇಗದಲ್ಲಿ ನುಡಿಸಿ, 25ಕ್ಕೆ ಇಳಿಸಿದರೆ ನಡಿಗೆಗೆ ಒಂದು ತೂಕ ಬರುತ್ತದೆ, ಹಾಡುವುದೂ ಸುಲಭ. ಮಾಳಿಗೆಯಲ್ಲಿ ಎರಡನ್ನೂ ಪ್ರಯತ್ನಿಸಿ ನೋಡಿರಿ.

ಇಷ್ಟಾದರೂ, ಬ್ಯಾಡಗಿಯಲ್ಲಿ ಹಾಡಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂಬುದು ಅಡುಗೆಯ ಮಟ್ಟಿಗೆ ಸರಿ. ಚೀಲ ಸುರಿಯುವಾಗ ಏಳುವ ಧೂಳಿನ ಘಾಟಿಗೆ ಆ ರಿಯಾಯಿತಿ ಇಲ್ಲ. ಅಭ್ಯಾಸವಿಲ್ಲದವನು ಪಲ್ಲವಿ ಮುಗಿಸುವ ಮೊದಲೇ ಕೆಮ್ಮತೊಡಗುತ್ತಾನೆ. ಅಲ್ಲಿ ಅವನು ಸುಮ್ಮನೆ ನಡೆಯಲಿ, ಹಾಡು ಹಿನ್ನೆಲೆಯಲ್ಲಿ ಬರಲಿ. ಜನವರಿಯ ಹೊತ್ತಿಗೆ ಆವಕ ಜೋರಾಗಿರುತ್ತದೆ, ಹಮಾಲರಿಗೂ ವ್ಯಾಪಾರಿಗಳಿಗೂ ನಿಮ್ಮ ಕ್ಯಾಮೆರಾಕ್ಕಾಗಿ ನಿಲ್ಲಲು ಪುರುಸೊತ್ತು ಇರುವುದಿಲ್ಲ. ಮಾರುಕಟ್ಟೆ ಸಮಿತಿಯವರನ್ನು ಮೊದಲೇ ಕೇಳಿಕೊಂಡು ಹೋಗಿರಿ.

ಕೆಂಪು ಬಣ್ಣವನ್ನೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಮೊರದ ತುಂಬ ಒಣಮೆಣಸಿನಕಾಯಿ ಹರವಿ, ಬಿಸಿಲಿನಲ್ಲಿಟ್ಟು ತೆಗೆಯಿರಿ. ವೈಟ್ ಬ್ಯಾಲೆನ್ಸನ್ನು (ಬಿಳಿ ಬಣ್ಣ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆ) ಕ್ಯಾಮೆರಾದ ಇಚ್ಛೆಗೆ ಬಿಟ್ಟರೆ ಅದು ಅಷ್ಟು ಕೆಂಪನ್ನು ಕಂಡು ಸರಿದೂಗಿಸಲು ಹೋಗಿ ಮುಖವನ್ನು ನೀಲಿ ಹಸಿರಿಗೆ ತಿರುಗಿಸುತ್ತದೆ. ಬಿಳಿ ಹಾಳೆಯೊಂದನ್ನು ತೋರಿಸಿ ಅದನ್ನು ನಿಗದಿಪಡಿಸಿರಿ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಸ್ವಲ್ಪ ಇಳಿಸದಿದ್ದರೆ ಕಾಯಿಯ ಸುಕ್ಕುಗಳೆಲ್ಲ ಅಳಿಸಿಹೋಗಿ ಇಡೀ ರಾಶಿ ಒಂದೇ ಕೆಂಪು ಬಟ್ಟೆಯಂತೆ ಕಾಣುತ್ತದೆ.

ಉತ್ತರ: ಹವ್ಯಾಸಿ ಚಿತ್ರ ನಿರ್ಮಾಪಕಿ, ಧಾರವಾಡ

ಅನುಮತಿಗಳ ಮಾತನ್ನು ಯಾರೂ ಇನ್ನೂ ವಿವರವಾಗಿ ಎತ್ತಿಲ್ಲ. ಲಕ್ಕುಂಡಿಯ ಪ್ರಮುಖ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ಪ್ರವಾಸಿಗರಂತೆ ಫೋನಿನಲ್ಲಿ ಚಿತ್ರ ತೆಗೆಯುವುದು ಬೇರೆ, ಟ್ರೈಪಾಡ್ ಇಟ್ಟು ಸ್ಪೀಕರ್ ಹಚ್ಚಿ ಹಾಡು ಚಿತ್ರೀಕರಿಸುವುದು ಬೇರೆ. ಎರಡನೆಯದಕ್ಕೆ ಲಿಖಿತ ಅನುಮತಿ ಬೇಕು. ಆ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲಿಯೇ ಇರುವುದರಿಂದ ನಿಮಗೆ ಓಡಾಟ ಉಳಿಯುತ್ತದೆ, ಆದರೆ ಜನವರಿಯೊಳಗೆ ಕೆಲಸವಾಗುತ್ತದೆಂದು ನೆಚ್ಚಿ ಕೂರಬೇಡಿ. ರೈಲು ನಿಲ್ದಾಣಕ್ಕೂ ನೈಋತ್ಯ ರೈಲ್ವೆಯ ಅನುಮತಿ ಕಡ್ಡಾಯ. ಊರು ಬಿಡುವ ಹುಡುಗನ ಕಥೆಗೆ ಲಕ್ಕುಂಡಿ ಏಕೆ ಬೇಕೆಂದು ನನಗಂತೂ ಹೊಳೆಯಲಿಲ್ಲ. ಸಾಧನಕೇರಿಯ ಓಣಿಗಳು ಹೆಚ್ಚು ಒಪ್ಪುತ್ತವೆ.

ಹಾಡಿನ ಹಕ್ಕುಗಳನ್ನು ಪ್ರಾಯೋಗಿಕ ಚಿತ್ರೀಕರಣಕ್ಕೂ ಮೊದಲೇ ಕಾಗದದ ಮೇಲೆ ತನ್ನಿರಿ. ಶರೀಫರು 1889ರಲ್ಲಿ ತೀರಿಕೊಂಡರು. ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಮಾತ್ರ ಇರುವುದರಿಂದ ಅವರ ಸಾಹಿತ್ಯವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಹಾಡು ಮಾಡಿದ ತಂಡದವರು ಆ ಎರಡು ಸಾಲುಗಳಿಗೆ ತಮ್ಮದೇ ಧಾಟಿ ಹಾಕಿದ್ದಾರೆಯೇ ಅಥವಾ ಇತ್ತೀಚಿನ ಸಂಯೋಜಕರೊಬ್ಬರ ಧಾಟಿಯನ್ನು ಎತ್ತಿಕೊಂಡಿದ್ದಾರೆಯೇ ಎಂದು ಕೇಳಲೇಬೇಕು, ಏಕೆಂದರೆ ಧಾಟಿಯ ಹಕ್ಕು ಪ್ರತ್ಯೇಕ. ಸಾಧನಕೇರಿಗೆ ಹೋದ ಮೇಲೆ ಬೇಂದ್ರೆಯವರ ಸಾಲೊಂದನ್ನು ಸೇರಿಸುವ ಆಸೆ ಹುಟ್ಟಿದರೆ ತಡೆದುಕೊಳ್ಳಿ: ಅವರು ನಿಧನರಾದದ್ದು 1981ರಲ್ಲಿ, ಹಕ್ಕುಗಳು 2041ರ ಕೊನೆಯವರೆಗೂ ಇರುತ್ತವೆ.

ಅನುಮತಿ ಪತ್ರಕ್ಕೆ ಹಾಡು ಬರೆದವರು, ರಾಗ ಹಾಕಿದವರು, ಹಾಡಿದವರು, ವಾದ್ಯ ನುಡಿಸಿದವರು ಎಲ್ಲರೂ ಸಹಿ ಹಾಕಲಿ. ತಂಡದವರು ವಿತರಕರ ಮೂಲಕ ಹಾಡನ್ನು ಈಗಾಗಲೇ ಬಿಡುಗಡೆ ಮಾಡಿದ್ದರೆ ಯೂಟ್ಯೂಬ್ ನಿಮ್ಮ ವಿಡಿಯೊದ ಮೇಲೆ ತಾನಾಗಿ ಹಕ್ಕು ಗುರುತು ಹಾಕಬಹುದು. ಆದ್ದರಿಂದ ವಿಡಿಯೊ ಯಾರ ಚಾನೆಲ್‌ನಲ್ಲಿ ಪ್ರಕಟವಾಗಬೇಕು, ನೀವು ಅದನ್ನು ಕಾಲೇಜಿನ ಸ್ಪರ್ಧೆಗಳಿಗೆ ಕಳುಹಿಸಬಹುದೇ ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ.